ಎದುರುಬದುರಾಗಿ ಧಾವಿಸುವ ಎರಡು ಕಾರುಗಳು: ಆ 20 ಸೆಕೆಂಡ್ ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಒಂದು ಲೆಕ್ಕ ಮೂರು ದಿನಗಳಿಂದ ಕಾಡುತ್ತಿದೆ. ‘ನೇರವಾದ ರಸ್ತೆಯಲ್ಲಿ ಎರಡು ಕಾರುಗಳ ನಡುವೆ 250 ಮೀಟರ್ ಅಂತರವಿದೆ. ಮೊದಲ ಕಾರು ನಿಂತಲ್ಲಿಂದ 2 ಮೀ/ಸೆ² ವೇಗೋತ್ಕರ್ಷದೊಂದಿಗೆ ಎರಡನೆಯ ಕಾರಿನ ಕಡೆಗೆ ಹೊರಡುತ್ತದೆ. ಅದೇ ಕ್ಷಣದಲ್ಲಿ 10 ಮೀ/ಸೆ ವೇಗದಲ್ಲಿರುವ ಎರಡನೆಯ ಕಾರು 1 ಮೀ/ಸೆ² ವೇಗೋತ್ಕರ್ಷದೊಂದಿಗೆ ಮೊದಲ ಕಾರಿನ ಕಡೆಗೆ ಬರುತ್ತಿದೆ. ಅವು ಯಾವಾಗ, ಎಲ್ಲಿ ಸಂಧಿಸುತ್ತವೆ?’ ಎರಡೂ ಕಾರುಗಳು ಸಾಗಿದ ದೂರವನ್ನು ಸಮ ಮಾಡಿದೆ. 20 ಸೆಕೆಂಡ್ ಬಂತು. ಪುಸ್ತಕದ ಕೊನೆಯಲ್ಲಿ 10 ಸೆಕೆಂಡ್ ಎಂದಿದೆ. ಸಾಪೇಕ್ಷ ವೇಗೋತ್ಕರ್ಷ ಬಳಸಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ ಎಂದು ಗೆಳತಿ ಹೇಳುತ್ತಾಳೆ. ಅದು 2 − 1 = 1 ಆಗಬೇಕೋ, 2 + 1 = 3 ಆಗಬೇಕೋ ಗೊತ್ತಾಗುತ್ತಿಲ್ಲ. ಎರಡು ವಸ್ತುಗಳು ಗುರುತ್ವಾಕರ್ಷಣೆಯಿಂದ ಒಂದನ್ನೊಂದು ಸೆಳೆಯುವಾಗಲೂ ಇದೇ ಸೂತ್ರ ಸಾಕೇ?

ಉತ್ತರ: ನಿಮ್ಮ 20 ಸೆಕೆಂಡಿನ ಮೇಲೆ ಅಡ್ಡಗೀಟು ಎಳೆಯುವ ಮೊದಲು ಅದಕ್ಕೆ ಒಂದು ಅವಕಾಶ ಕೊಡೋಣ. ಮೊದಲ ಕಾರು 20 ಸೆಕೆಂಡಿನಲ್ಲಿ ಸಾಗುವ ದೂರ ½ × 2 × 400, ಅಂದರೆ 400 ಮೀಟರ್. ಎರಡನೆಯದು 10 × 20 + ½ × 1 × 400, ಅದೂ 400 ಮೀಟರ್. ನೀವು ಸಮ ಮಾಡಿದ್ದು ಸರಿಯಾಗಿಯೇ ಸಮವಾಗಿದೆ; ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೆ ಇಬ್ಬರ ನಡುವೆ ಇದ್ದ ರಸ್ತೆಯೇ 250 ಮೀಟರ್. ತಲಾ 400 ಮೀಟರ್ ಓಡುವ ಹೊತ್ತಿಗೆ ಅವು ಒಂದನ್ನೊಂದು ದಾಟಿ ಎಷ್ಟೋ ಕಾಲವಾಗಿದೆ. ‘ಇಬ್ಬರೂ ಸಮಾನ ದೂರ ಸಾಗಿರುವುದು ಯಾವಾಗ?’ ಎಂದು ನೀವು ಸಮೀಕರಣವನ್ನು ಕೇಳಿದಿರಿ. ಅದು ಪ್ರಾಮಾಣಿಕವಾಗಿ ಉತ್ತರಿಸಿತು. ‘ಇಬ್ಬರೂ ಒಂದೇ ಜಾಗದಲ್ಲಿರುವುದು ಯಾವಾಗ?’ ಎಂದು ನೀವು ಕೇಳಲೇ ಇಲ್ಲ.

ಈ ಅಭ್ಯಾಸ ಎಲ್ಲಿಂದ ಬಂದಿರಬಹುದು ಎಂಬುದನ್ನೂ ಊಹಿಸಬಲ್ಲೆ. ನಿಂತಿದ್ದ ಪೊಲೀಸ್ ಜೀಪಿನ ಪಕ್ಕದಿಂದ ಕಳ್ಳನ ಬೈಕು ಹಾದುಹೋಗುತ್ತದೆ, ಜೀಪು ಬೆನ್ನಟ್ಟುತ್ತದೆ, ಯಾವಾಗ ಹಿಡಿಯುತ್ತದೆ ಎಂಬ ಲೆಕ್ಕವನ್ನು ಎಲ್ಲರೂ ಮೊದಲು ಮಾಡಿರುತ್ತಾರೆ. ಅಲ್ಲಿ ಇಬ್ಬರೂ ಒಂದೇ ಬಿಂದುವಿನಿಂದ, ಒಂದೇ ದಿಕ್ಕಿಗೆ ಹೊರಟವರು. ಹಾಗಾಗಿ ಸಾಗಿದ ದೂರ ಸಮವಾದರೆ ಜಾಗವೂ ಒಂದೇ. ಆ ಲೆಕ್ಕದಲ್ಲಿ ನಡೆದ ಉಪಾಯವನ್ನು ಇಲ್ಲಿಗೂ ಹೊತ್ತು ತಂದಿದ್ದೀರಿ. ‘ದೂರ’ ಎಂಬ ಪದವನ್ನು ಈ ಬಗೆಯ ಲೆಕ್ಕಗಳಲ್ಲಿ ಸ್ವಲ್ಪ ಕಾಲ ಮುಟ್ಟದಿರುವುದೇ ಒಳ್ಳೆಯದು. ಸ್ಥಾನ ಎನ್ನಿ. ಸಂಧಿಸುವುದೆಂದರೆ ಒಂದೇ ಹೊತ್ತಿಗೆ ಇಬ್ಬರ ಸ್ಥಾನವೂ ಒಂದೇ ಆಗುವುದು. ಮುಂದಿನದೆಲ್ಲ ಇದರ ವಿಸ್ತರಣೆ.

ಈಗ ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆಯಿರಿ. ಎಡತುದಿಯಲ್ಲಿ ಮೊದಲ ಕಾರು. ಅಲ್ಲಿ ಸೊನ್ನೆ ಬರೆಯಿರಿ. ಬಲತುದಿಯಲ್ಲಿ ಎರಡನೆಯದು, ಅಲ್ಲಿ 250. ಎಡದಿಂದ ಬಲಕ್ಕೆ ಹೋಗುವುದೆಲ್ಲ ಧನ, ಬಲದಿಂದ ಎಡಕ್ಕೆ ಬರುವುದೆಲ್ಲ ಋಣ ಎಂದು ಒಂದು ಬಾಣದ ಗುರುತು ಹಾಕಿ. ಈ ಬಾಣವನ್ನು ಲೆಕ್ಕ ಮುಗಿಯುವವರೆಗೆ ಯಾವ ಕಾರಣಕ್ಕೂ ತಿರುಗಿಸಕೂಡದು. ಮೊದಲ ಕಾರಿಗೊಂದು ಬಾಣ, ಎರಡನೆಯದಕ್ಕೊಂದು ಬಾಣ ಎಂದು ಇಟ್ಟುಕೊಂಡವರೇ ಮಧ್ಯದಲ್ಲಿ ಚಿಹ್ನೆ ಕಳೆದುಕೊಂಡು ಪರದಾಡುವುದು. ಕಾಲವನ್ನು ‘ಕಾ’ ಎಂದು ಚಿಕ್ಕದಾಗಿ ಬರೆದುಕೊಂಡರೆ,

ಮೊದಲ ಕಾರಿನ ಸ್ಥಾನ = ½ × 2 × ಕಾ² = ಕಾ²

ಎರಡನೆಯ ಕಾರಿನ ಸ್ಥಾನ = 250 − 10 ಕಾ − ½ ಕಾ²

ಎರಡನ್ನೂ ಸಮ ಮಾಡಿ, ಎರಡರಿಂದ ಗುಣಿಸಿ, ಒಂದು ಬದಿಗೆ ತಂದರೆ 3 ಕಾ² + 20 ಕಾ − 500 = 0. ಇದರ ಉತ್ತರಗಳು ಎರಡು: 10 ಸೆಕೆಂಡ್ ಮತ್ತು −16.67 ಸೆಕೆಂಡ್. ಹತ್ತನ್ನು ಮೊದಲ ಸಾಲಿಗೆ ಹಾಕಿದರೆ ಸ್ಥಾನ 100. ಎರಡನೆಯ ಸಾಲಿಗೆ ಹಾಕಿದರೂ 250 − 100 − 50, ಅಂದರೆ 100. ಮೊದಲ ಕಾರು ಹೊರಟ ಜಾಗದಿಂದ 100 ಮೀಟರ್ ದೂರದಲ್ಲಿ, 10 ಸೆಕೆಂಡಿನ ನಂತರ ಅವು ಸಂಧಿಸುತ್ತವೆ. ಆಗ ಎರಡರ ಜವವೂ (ದಿಕ್ಕನ್ನು ಬಿಟ್ಟು ವೇಗದ ಪ್ರಮಾಣವಷ್ಟೇ) 20 ಮೀ/ಸೆ, ಗಂಟೆಗೆ 72 ಕಿಲೋಮೀಟರ್. ಇದು ಕಾಕತಾಳೀಯ, ಲೆಕ್ಕ ಬರೆದವರು ಸುಲಭ ಸಂಖ್ಯೆಗಳನ್ನು ಆರಿಸಿಕೊಂಡಿದ್ದಾರೆ, ಅಷ್ಟೆ.

ಆ −16.67 ಏನು ಎಂದು ಯಾರೂ ಕೇಳುವುದಿಲ್ಲ. ‘ಕಾಲ ಋಣವಾಗದು, ಆದ್ದರಿಂದ ಬಿಟ್ಟುಬಿಡುತ್ತೇವೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಬಿಡುವುದು ಸರಿ, ಆದರೆ ಕೊಟ್ಟ ಕಾರಣ ಸರಿಯಲ್ಲ. ನಿನ್ನೆ ಎಂಬುದೂ ಋಣ ಕಾಲವೇ. ಗಡಿಯಾರವನ್ನು ಸೊನ್ನೆ ಮಾಡುವ ಮೊದಲೂ ಎರಡು ಕಾರುಗಳು ಇದೇ ವೇಗೋತ್ಕರ್ಷದಲ್ಲಿ ಚಲಿಸುತ್ತಿದ್ದಿದ್ದರೆ, 16.67 ಸೆಕೆಂಡ್ ಹಿಂದೆ ಅವು ಇನ್ನೊಂದು ಸಲ ಒಂದೇ ಜಾಗದಲ್ಲಿ ಇರುತ್ತಿದ್ದವು. ಹಾಕಿ ನೋಡಿ, ಎರಡರ ಸ್ಥಾನವೂ 277.8 ಮೀಟರ್ ಎಂದು ಬರುತ್ತದೆ. ಆದರೆ ಮೊದಲ ಕಾರು ಸೊನ್ನೆಯ ಕ್ಷಣದವರೆಗೆ ನಿಂತೇ ಇತ್ತು ಎಂದು ನಾವು ಓದಿಕೊಳ್ಳುತ್ತೇವೆ. ಅದು ಸಮೀಕರಣಕ್ಕೆ ಗೊತ್ತಿಲ್ಲ. ಸಮೀಕರಣಕ್ಕೆ ಕಣ್ಣಿಲ್ಲ, ರಸ್ತೆ, ಬ್ರೇಕು, ನೆಲ ಯಾವುದೂ ಕಾಣುವುದಿಲ್ಲ. ಈ ಮಾತು ಕೆಳಗೆ ಮತ್ತೆ ಬೇಕಾಗುತ್ತದೆ.

ಈಗ ಚಿಹ್ನೆಯ ವಿಷಯ. ಎರಡನೆಯ ಕಾರಿನ ವೇಗೋತ್ಕರ್ಷಕ್ಕೆ ಋಣ ಚಿಹ್ನೆ ಹಾಕಿದ್ದನ್ನು ಕಂಡು ‘ಅದು ನಿಧಾನವಾಗುತ್ತಿಲ್ಲವಲ್ಲ’ ಎಂದು ನಿಮಗೆ ಅನ್ನಿಸಿರಬೇಕು. ಇದರಲ್ಲಿ ನಮ್ಮ ಪದದ್ದೂ ಸ್ವಲ್ಪ ತಪ್ಪಿದೆ. ಉತ್ಕರ್ಷ ಎಂದರೆ ಏಳಿಗೆ, ಹೆಚ್ಚಳ. ವೇಗೋತ್ಕರ್ಷ ಋಣ ಎಂದೊಡನೆ ಏಳಿಗೆ ಹೋಗಿ ಇಳಿಕೆ ಬಂತು, ಕಾರು ನಿಧಾನವಾಯಿತು ಎಂದು ಕನ್ನಡದ ಕಿವಿ ಅರ್ಥ ಮಾಡಿಕೊಳ್ಳುತ್ತದೆ. ಭೌತವಿಜ್ಞಾನದಲ್ಲಿ ಚಿಹ್ನೆ ಹೇಳುವುದು ದಿಕ್ಕನ್ನು ಮಾತ್ರ. ವಸ್ತು ವೇಗ ಹೆಚ್ಚಿಸಿಕೊಳ್ಳುತ್ತಿದೆಯೋ ಕುಗ್ಗಿಸಿಕೊಳ್ಳುತ್ತಿದೆಯೋ ತಿಳಿಯಬೇಕಾದರೆ ವೇಗದ ಚಿಹ್ನೆಯನ್ನೂ ವೇಗೋತ್ಕರ್ಷದ ಚಿಹ್ನೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಒಂದೇ ಆಗಿದ್ದರೆ ಓಟ ಬಿರುಸಾಗುತ್ತಿದೆ, ಬೇರೆಯಾಗಿದ್ದರೆ ಸಡಿಲವಾಗುತ್ತಿದೆ. ಇಲ್ಲಿ −10 ಮತ್ತು −1. ಎರಡೂ ಋಣ, ಕಾರು ಎಡಕ್ಕೆ ಇನ್ನಷ್ಟು ಬಿರುಸಾಗಿ ಬರುತ್ತಿದೆ.

ಇಷ್ಟು ಮನಸ್ಸಿನಲ್ಲಿ ನಿಂತರೆ ಗೆಳತಿ ಹೇಳಿದ ದಾರಿ ತಾನಾಗಿ ತೆರೆಯುತ್ತದೆ. ಸಾಪೇಕ್ಷ ಎಂದರೆ ಯಾವಾಗಲೂ ಕಳೆಯುವುದೇ. ಒಂದೇ ಬಾಣದ ಲೆಕ್ಕದಲ್ಲಿ, ಚಿಹ್ನೆ ಸಹಿತವಾಗಿ ಕಳೆಯಬೇಕು. ಎರಡನೆಯದರ −1ರಿಂದ ಮೊದಲನೆಯದರ +2ನ್ನು ಕಳೆದರೆ −3. ವೇಗವೂ ಹಾಗೆಯೇ: −10 − 0 = −10. ಮೊದಲ ಕಾರಿನಲ್ಲಿ ಕುಳಿತವರಿಗೆ ತಾವು ನಿಂತೇ ಇದ್ದು, ಎದುರಿನ ಕಾರು 10 ಮೀ/ಸೆ ವೇಗದಲ್ಲಿ, 3 ಮೀ/ಸೆ² ವೇಗೋತ್ಕರ್ಷದಲ್ಲಿ ಮೈಮೇಲೆ ಬರುತ್ತಿರುವಂತೆ ಕಾಣುತ್ತದೆ. ನಡುವಿನ ಅಂತರ = 250 − 10 ಕಾ − 1.5 ಕಾ². ಅಂತರ ಸೊನ್ನೆಯಾದಾಗ ಭೇಟಿ. ಮೇಲಿನ ವರ್ಗ ಸಮೀಕರಣವೇ ಮತ್ತೆ ಬಂತಲ್ಲವೇ? ‘ಎದುರುಬದುರಾದರೆ ಕೂಡಿಸು, ಒಂದೇ ಕಡೆಗಾದರೆ ಕಳೆ’ ಎಂದು ಬಾಯಿಪಾಠ ಮಾಡಿಸುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಒಂದು ಕಾರು ಬ್ರೇಕು ಹಾಕುತ್ತಾ ಎದುರಿಗೆ ಬರುವ ಲೆಕ್ಕ ಕೊಟ್ಟರೆ ಆ ಪಾಠ ಅಲ್ಲಿಗೇ ಮುಗ್ಗರಿಸುತ್ತದೆ. ಚಿಹ್ನೆ ಹಾಕಿ ಕಳೆಯುವ ಅಭ್ಯಾಸವಿದ್ದರೆ ಬೇರೆ ಬೇರೆ ನಿಯಮ ಬೇಕಾಗುವುದಿಲ್ಲ. ಒಂದು ಎಚ್ಚರಿಕೆ: ಈ ದಾರಿ ‘ಯಾವಾಗ’ ಎಂಬುದನ್ನು ಮಾತ್ರ ಹೇಳುತ್ತದೆ. ‘ಎಲ್ಲಿ’ ಎಂದು ತಿಳಿಯಲು ರಸ್ತೆಗೆ ಮರಳಿ, ಯಾವುದಾದರೂ ಒಂದು ಕಾರಿನ ಸ್ಥಾನ ಬರೆಯಲೇಬೇಕು. ಅರ್ಧ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಇಲ್ಲಿಯೇ.

ಸಾಪೇಕ್ಷ ದೃಷ್ಟಿ ಪರೀಕ್ಷೆಯ ಚಮತ್ಕಾರವಷ್ಟೇ ಅಲ್ಲ. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಯೋಜನೆಯ ಎರಡು ಪುಟ್ಟ ಉಪಗ್ರಹಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಬೆಸೆದುಕೊಂಡವು. ತಲಾ ಸುಮಾರು 220 ಕಿಲೋಗ್ರಾಂ ತೂಕದವು. ಎರಡೂ ಭೂಮಿಯ ಸುತ್ತ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದವು. ಉಪಗ್ರಹಗಳ ಜಾಡು ಹಿಡಿದು ಆದೇಶ ಕಳುಹಿಸುವ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಕುಳಿತವರು ಚಿಂತಿಸುತ್ತಿದ್ದದ್ದು ಆ 7.6 ಕಿಲೋಮೀಟರ್ ಬಗ್ಗೆ ಅಲ್ಲ. 15 ಮೀಟರ್ ಅಂತರದಲ್ಲಿ ತಡೆದು, ಮತ್ತೆ 3 ಮೀಟರ್‌ನಲ್ಲಿ ತಡೆದು, ಕೊನೆಗೆ ಸೆಕೆಂಡಿಗೆ ಸೆಂಟಿಮೀಟರ್ ಮಟ್ಟದ ಸಾಪೇಕ್ಷ ವೇಗದಲ್ಲಿ ಹೇಗೆ ಮುಟ್ಟಿಸುವುದು ಎಂಬುದರ ಬಗ್ಗೆ. (ಕಕ್ಷೆಯಲ್ಲಿ ನಮ್ಮ ರಸ್ತೆಯ ಸೂತ್ರ ಹಾಗೆಯೇ ನಡೆಯದು. ಮುಂದಿರುವ ಉಪಗ್ರಹವನ್ನು ಹಿಡಿಯಲು ವೇಗ ಹೆಚ್ಚಿಸಿದರೆ ಹಿಂದಿನದು ಮೇಲಿನ ಕಕ್ಷೆಗೆ ಏರಿ ಇನ್ನೂ ಹಿಂದೆ ಬೀಳುತ್ತದೆ! ಅದನ್ನು ಇನ್ನೊಮ್ಮೆ ನೋಡೋಣ.)

ಉತ್ತರ ಸರಿಯೇ ಎಂದು ತಾಳೆ ನೋಡಲು ಪುಸ್ತಕದ ಕೊನೆಯ ಪುಟ ಬೇಕಿಲ್ಲ. ವೇಗೋತ್ಕರ್ಷ ಸ್ಥಿರವಾಗಿದ್ದರೆ ಆರಂಭದ ವೇಗ ಮತ್ತು ಕೊನೆಯ ವೇಗಗಳ ಸರಾಸರಿಯನ್ನು ಕಾಲದಿಂದ ಗುಣಿಸಿದರೆ ಸಾಗಿದ ದೂರ. ಮೊದಲ ಕಾರಿನ ವೇಗ 0ಯಿಂದ 20ಕ್ಕೆ ಏರಿತು, ಸರಾಸರಿ 10, ಹತ್ತು ಸೆಕೆಂಡಿಗೆ 100 ಮೀಟರ್. ಎರಡನೆಯದು 10ರಿಂದ 20ಕ್ಕೆ, ಸರಾಸರಿ 15, ಹತ್ತು ಸೆಕೆಂಡಿಗೆ 150. ಕೂಡಿಸಿದರೆ 250. ಈ ಸರಾಸರಿಯ ಸೂತ್ರ ಗೆಲಿಲಿಯೋಗಿಂತಲೂ ಹಳೆಯದು. 14ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಇದನ್ನು ಕಂಡುಕೊಂಡಿದ್ದರು, ಫ್ರಾನ್ಸಿನ ನಿಕೋಲ್ ಒರೆಮ್ ಚಿತ್ರ ಬರೆದು ತೋರಿಸಿದ್ದರು. ನೀವು ಇಂದು ವೇಗ–ಕಾಲ ನಕ್ಷೆಯ ಕೆಳಗಿನ ತ್ರಿಕೋನದ ವಿಸ್ತೀರ್ಣ ಎಂದು ಬರೆಯುವುದು ಅದನ್ನೇ.

ಇದೇ ಲೆಕ್ಕವನ್ನು ಪರೀಕ್ಷೆಯಲ್ಲಿ ಸ್ವಲ್ಪ ತಿರುಚಿ ‘ಮೊದಲ ಕಾರು 2 ಸೆಕೆಂಡ್ ತಡವಾಗಿ ಹೊರಡುತ್ತದೆ’ ಎಂದು ಕೊಡುವುದುಂಟು. ಹೆದರಬೇಡಿ. ಆ 2 ಸೆಕೆಂಡನ್ನು ಪ್ರತ್ಯೇಕವಾಗಿ ಮುಗಿಸಿ. ಅಷ್ಟರಲ್ಲಿ ಎರಡನೆಯ ಕಾರು 20 + 2 = 22 ಮೀಟರ್ ಬಂದಿರುತ್ತದೆ, ಅದರ ಜವ 12 ಮೀ/ಸೆ ಆಗಿರುತ್ತದೆ. ಉಳಿದ ಅಂತರ 228. ಇಲ್ಲಿ ಗಡಿಯಾರವನ್ನು ಮತ್ತೆ ಸೊನ್ನೆ ಮಾಡಿ, 12 ಕಾ + 1.5 ಕಾ² = 228 ಎಂದು ಬಿಡಿಸಿದರೆ 8.96 ಸೆಕೆಂಡ್. ಗಡಿಯಾರ ಹೊಸದಾದಾಗ ಹಳೆಯ 10 ಮೀ/ಸೆ ವೇಗವನ್ನೇ ಇಟ್ಟುಕೊಂಡು ಕೆಡಿಸುವವರು ಬಹಳ. ಒಟ್ಟು 10.96 ಸೆಕೆಂಡ್ ಆಯಿತು. ಎರಡು ಸೆಕೆಂಡ್ ತಡವಾಗಿ ಹೊರಟರೂ ಭೇಟಿ ಒಂದು ಸೆಕೆಂಡಿಗಿಂತ ಕಡಿಮೆ ತಡವಾಯಿತು, ಏಕೆಂದರೆ ಆ ಹೊತ್ತಿನಲ್ಲಿ ಇನ್ನೊಂದು ಕಾರು ಸುಮ್ಮನೆ ಕುಳಿತಿರಲಿಲ್ಲ. ಉತ್ತರ ಬಂದ ಮೇಲೆ ಹೀಗೊಂದು ಕ್ಷಣ ಅದರ ಮುಖ ನೋಡಬೇಕು.

ಮುಖ ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸುತ್ತಿದ್ದೆ. ಒಂದೇ ಹಳಿಯ ಮೇಲೆ ಎರಡು ರೈಲುಗಳು ಎದುರುಬದುರಾಗಿ ಬರುತ್ತಿವೆ. ಒಂದರ ವೇಗ 20 ಮೀ/ಸೆ, ಇನ್ನೊಂದರದು 30. ನಡುವಿನ ಅಂತರ 1275 ಮೀಟರ್ ಇರುವಾಗ ಇಬ್ಬರು ಚಾಲಕರೂ ಒಮ್ಮೆಗೇ ಬ್ರೇಕು ಹಾಕುತ್ತಾರೆ. ಎರಡೂ ಸೆಕೆಂಡಿಗೆ ಅರ್ಧ ಮೀಟರ್‌ನಂತೆ ವೇಗ ಕಳೆದುಕೊಳ್ಳುತ್ತವೆ. ಡಿಕ್ಕಿಯಾಗುತ್ತದೆಯೇ? ನಾನು ಸಾಪೇಕ್ಷ ದಾರಿ ಹಿಡಿದೆ. ಸಾಪೇಕ್ಷ ವೇಗ 50, ಅದು ಕುಗ್ಗುವ ದರ 1. ನಿಲ್ಲಲು ಬೇಕಾದ ದೂರ 50 × 50 ÷ 2 = 1250 ಮೀಟರ್. ಅಂತರ 1275. ‘ಇಪ್ಪತ್ತೈದು ಮೀಟರ್ ಉಳಿಯಿತು, ಎಲ್ಲರೂ ಬಚಾವ್’ ಎಂದು ಸೀಮೆಸುಣ್ಣ ಕೆಳಗಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: ‘ಸರ್, ನಿಧಾನವಾಗಿ ಬರುತ್ತಿದ್ದ ರೈಲು ಮೊದಲೇ ನಿಂತುಹೋಗುತ್ತದಲ್ಲ. ಆಮೇಲೆ ಅದು ಏನು ಮಾಡುತ್ತಿರುತ್ತದೆ?’

ಏನು ಮಾಡುತ್ತಿರುತ್ತದೆ! 20 ಮೀ/ಸೆ ವೇಗದ ರೈಲು 40 ಸೆಕೆಂಡಿನಲ್ಲಿ, 400 ಮೀಟರ್ ಸಾಗಿ ನಿಲ್ಲುತ್ತದೆ. ಇನ್ನೊಂದು ನಿಲ್ಲಲು 60 ಸೆಕೆಂಡ್, 900 ಮೀಟರ್ ಬೇಕು. ನನ್ನ ಸಾಪೇಕ್ಷ ಲೆಕ್ಕ 50ನೆಯ ಸೆಕೆಂಡಿನಲ್ಲಿ ಸಾಪೇಕ್ಷ ವೇಗ ಸೊನ್ನೆಯಾಯಿತು ಎಂದಿತ್ತು. 40ರಿಂದ 50ನೆಯ ಸೆಕೆಂಡಿನವರೆಗೆ ನಿಂತ ರೈಲಿಗೂ ಅದು ‘ಬ್ರೇಕು’ ಹಾಕುತ್ತಲೇ ಇತ್ತು. ಅಂದರೆ ಆ ರೈಲು ಹಿಂದಕ್ಕೆ ಹೊರಟು, ಹತ್ತು ಸೆಕೆಂಡಿನಲ್ಲಿ 25 ಮೀಟರ್ ಹಿಂದೆ ಸರಿದು, 5 ಮೀ/ಸೆ ವೇಗದಲ್ಲಿ ಓಡಿಹೋಗುತ್ತಿತ್ತು. ಬೆನ್ನಟ್ಟುತ್ತಿದ್ದ ಇನ್ನೊಂದರ ವೇಗವೂ ಆಗ 5. ಸಾಪೇಕ್ಷ ವೇಗ ಸೊನ್ನೆಯಾದದ್ದು ಹೀಗೆ. ನಿಜದಲ್ಲಿ ನಡೆಯುವುದೇ ಬೇರೆ. 40ನೆಯ ಸೆಕೆಂಡಿನ ಹೊತ್ತಿಗೆ ವೇಗದ ರೈಲು 800 ಮೀಟರ್ ಬಂದಿದೆ, ಅದರ ವೇಗ ಇನ್ನೂ 10 ಮೀ/ಸೆ. ನಡುವೆ ಉಳಿದದ್ದು 1275 − 400 − 800 = 75 ಮೀಟರ್. ನಿಲ್ಲಲು ಬೇಕಾದದ್ದು 100. ವೇಗದ ವರ್ಗ 100 − 2 × 0.5 × 75 = 25, ಅಂದರೆ ವೇಗ 5 ಮೀ/ಸೆ; ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಅದು ನಿಂತ ರೈಲಿಗೆ ಗುದ್ದುತ್ತದೆ. ನಾನು ಬಚಾವ್ ಮಾಡಿದ ಪ್ರಯಾಣಿಕರೆಲ್ಲ ಹಲಗೆಯ ಮೇಲೆ ಮತ್ತೆ ಅಪಾಯಕ್ಕೆ ಸಿಲುಕಿದರು. ಆ ಹುಡುಗನಿಗೆ ನಾನು ಅಂದು ಕೊಟ್ಟ ಉತ್ತರ ‘ನಾಳೆ ನೋಡೋಣ’ ಎಂಬುದು. ಅದರ ನಾಚಿಕೆ ಇನ್ನೂ ಇದೆ.

ಹಾಗಾದರೆ ಬ್ರೇಕಿನ ಲೆಕ್ಕ ಬಂದಾಗ ಮೊದಲು ಪ್ರತಿ ವಾಹನ ತಾನಾಗಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಬೇರೆ ಬೇರೆಯಾಗಿ ಬರೆಯಿರಿ: 400, 900, ಒಟ್ಟು 1300. ಅಂತರ ಅದಕ್ಕಿಂತ ಹೆಚ್ಚಿದ್ದರೆ ಕ್ಷೇಮ. ಎರಡೂ ಒಂದೇ ಕ್ಷಣದಲ್ಲಿ ನಿಲ್ಲುವುದಾದರೆ ಮಾತ್ರ ಸಾಪೇಕ್ಷ ಸೂತ್ರದ ಉತ್ತರವೂ ಇದೂ ಒಂದೇ. ನಿಜವಾದ ಹಳಿಯ ಮೇಲೆ ಈ ಕೆಲಸವನ್ನು ಮನುಷ್ಯನ ಕಣ್ಣಿಗಷ್ಟೇ ಬಿಡಲಾಗದು ಎಂದೇ ನಮ್ಮ ರೈಲ್ವೆ ‘ಕವಚ್’ ವ್ಯವಸ್ಥೆಯನ್ನು ತಂದಿದೆ. ಚಾಲಕ ಬ್ರೇಕು ಹಾಕದಿದ್ದರೆ ಅದೇ ಹಾಕುತ್ತದೆ. 2022ರ ಮಾರ್ಚ್‌ನಲ್ಲಿ ಸಿಕಂದರಾಬಾದ್ ಬಳಿ ರೈಲ್ವೆ ಸಚಿವರನ್ನೇ ಎಂಜಿನ್ನಿನಲ್ಲಿ ಕೂರಿಸಿಕೊಂಡು ನಡೆಸಿದ ಪರೀಕ್ಷೆಯಲ್ಲಿ, ಮುಂದಿದ್ದ ಇನ್ನೊಂದು ಎಂಜಿನ್ನಿಗಿಂತ 380 ಮೀಟರ್ ಮೊದಲೇ ಅದು ಗಾಡಿಯನ್ನು ನಿಲ್ಲಿಸಿತು. ನನ್ನ ಹಲಗೆಯ 25 ಮೀಟರ್‌ಗಿಂತ ಅದು ಎಷ್ಟೋ ನಂಬಿಕೆಗೆ ಅರ್ಹ.

ಬ್ರೇಕಿನ ಹಾಗೆಯೇ ಸಮೀಕರಣಕ್ಕೆ ಕಾಣದ ಇನ್ನೊಂದು ವಸ್ತು ನೆಲ. 20 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿಯೊಂದು ಕಳಚಿತು ಎನ್ನಿ. ಅದೇ ಕ್ಷಣಕ್ಕೆ ಬುಡದಲ್ಲಿದ್ದ ಹುಡುಗ ನೇರ ಮೇಲಕ್ಕೆ 20 ಮೀ/ಸೆ ವೇಗದಲ್ಲಿ ಕಲ್ಲು ಎಸೆದ. (ಮಾಡಿ ನೋಡಬೇಡಿ.) ಎರಡರ ವೇಗೋತ್ಕರ್ಷವೂ ಕೆಳಮುಖವಾಗಿ ಗುರುತ್ವದ್ದೇ, 10 ಮೀ/ಸೆ² ಎಂದಿಟ್ಟುಕೊಳ್ಳೋಣ. ಕಳೆದರೆ ಸಾಪೇಕ್ಷ ವೇಗೋತ್ಕರ್ಷ ಸೊನ್ನೆ! ಇಡೀ ಲೆಕ್ಕ 20 ÷ 20 = 1 ಸೆಕೆಂಡಿಗೆ ಇಳಿಯಿತು. ಬೀಳುತ್ತಿರುವ ಕಾಯಿಯ ಮೇಲೆ ಕುಳಿತ ಇರುವೆಗೆ ಕಲ್ಲು ಏಕರೀತಿಯ ವೇಗದಲ್ಲಿ ನೇರ ತನ್ನತ್ತ ಬರುತ್ತಿರುವಂತೆ ಕಾಣುತ್ತದೆ. ಗುರುತ್ವ ಎಂಬುದೇ ಆ ಇರುವೆಯ ಅನುಭವಕ್ಕೆ ಬರದು. ಭೇಟಿಯ ಎತ್ತರ 15 ಮೀಟರ್. ಚಂದ್ರನ ಮೇಲೆ ಮರವಿದ್ದಿದ್ದರೂ ಒಂದೇ ಸೆಕೆಂಡ್, ಎತ್ತರ ಮಾತ್ರ ಬೇರೆ.

ಈಗ ಹುಡುಗನ ತೋಳು ಸೋತು, ಕಲ್ಲಿನ ವೇಗ 8 ಮೀ/ಸೆ ಮಾತ್ರ ಆಯಿತು ಎನ್ನಿ. ಸೂತ್ರ 20 ÷ 8 = 2.5 ಸೆಕೆಂಡ್ ಎನ್ನುತ್ತದೆ. ಆದರೆ 20 ಮೀಟರ್ ಬೀಳಲು ಕಾಯಿಗೆ 2 ಸೆಕೆಂಡ್ ಸಾಕು, ಕಲ್ಲಂತೂ 1.6 ಸೆಕೆಂಡಿಗೇ ನೆಲ ಸೇರಿರುತ್ತದೆ. ಸೂತ್ರ ಹೇಳುವ ಭೇಟಿ ನೆಲದ ಕೆಳಗೆ, 11.25 ಮೀಟರ್ ಆಳದಲ್ಲಿ! ಗಾಳಿಯಲ್ಲೇ ಅವು ಸೇರಬೇಕಾದರೆ ಕಲ್ಲಿನ ವೇಗ 10 ಮೀ/ಸೆಗಿಂತ ಹೆಚ್ಚಿರಬೇಕು. 12 ಇದ್ದರೆ ಸೇರುತ್ತವೆ, ಆದರೆ ಆಗ ಕಲ್ಲು ಮೇಲೇರಿ ತಿರುಗಿ ಕೆಳಗಿಳಿಯುತ್ತಿರುತ್ತದೆ. ಕಾಯಿ ಅದನ್ನು ಹಿಂದಿನಿಂದ ಬಂದು ಹಿಡಿಯುತ್ತದೆ. ಎದುರುಬದುರಾಗಿ ಹೊರಟವರು ಎದುರುಬದುರಾಗಿಯೇ ಸಂಧಿಸಬೇಕೆಂದಿಲ್ಲ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಗುರುತ್ವಾಕರ್ಷಣೆಯಿಂದ ಒಂದನ್ನೊಂದು ಸೆಳೆಯುವ ಎರಡು ವಸ್ತುಗಳಿಗೆ ಈ ಸೂತ್ರ ಸಾಲದು. ನಾವು ಇದುವರೆಗೆ ಬಳಸಿದ್ದೆಲ್ಲ ವೇಗೋತ್ಕರ್ಷ ಬದಲಾಗದಿದ್ದರೆ ಮಾತ್ರ ಸರಿ. ತೆಂಗಿನಕಾಯಿ 20 ಮೀಟರ್ ಬೀಳುವಾಗ ಭೂಮಿಯ ಸೆಳೆತ ಲೆಕ್ಕಕ್ಕೆ ಬರುವಷ್ಟು ಬದಲಾಗದು. ಆದರೆ ದೂರದ ಆಕಾಶದಲ್ಲಿ, ಬೇರೆ ಯಾವುದರ ಸೆಳೆತವೂ ಇಲ್ಲದ ಕಡೆ, ಒಂದೊಂದು ಕಿಲೋಗ್ರಾಂನ ಎರಡು ಬಿಂದುಗಳಂಥ ವಸ್ತುಗಳನ್ನು ಒಂದು ಮೀಟರ್ ದೂರದಲ್ಲಿ ಬಿಟ್ಟರೆ? ಆರಂಭದಲ್ಲಿ ಪ್ರತಿಯೊಂದರ ವೇಗೋತ್ಕರ್ಷ 6.67 × 10⁻¹¹ ಮೀ/ಸೆ². ಇದೇ ಕೊನೆಯವರೆಗೂ ಇರುತ್ತದೆಂದು ನಮ್ಮ ಸೂತ್ರಕ್ಕೆ ಹಾಕಿದರೆ ಭೇಟಿಗೆ ಸುಮಾರು 34 ಗಂಟೆ ಬೇಕು. ಆದರೆ ಅಂತರ ಅರ್ಧವಾದಾಗ ಸೆಳೆತ ನಾಲ್ಕು ಪಟ್ಟಾಗುತ್ತದೆ, ಕಾಲು ಭಾಗವಾದಾಗ ಹದಿನಾರು ಪಟ್ಟು. ಕಲನಶಾಸ್ತ್ರದಿಂದ ಸರಿಯಾಗಿ ಲೆಕ್ಕ ಹಾಕಿದರೆ 26.7 ಗಂಟೆ. ಅದರಲ್ಲೂ ಮೊದಲ ಅರ್ಧ ಮೀಟರ್ ಅಂತರ ತಗ್ಗಲು ಹತ್ತಿರ ಹತ್ತಿರ 22 ಗಂಟೆ ಹಿಡಿದರೆ, ಉಳಿದರ್ಧಕ್ಕೆ ಐದು ಗಂಟೆಯೂ ಬೇಡ. ಆ ಕಲನ ಸದ್ಯಕ್ಕೆ ನಿಮಗೆ ಬೇಕಿಲ್ಲ, ಮುಂದೆ ಬರುತ್ತದೆ.

ವಿಚಿತ್ರವೆಂದರೆ, ‘ಯಾವಾಗ’ ಎಂಬುದು ಹೀಗೆ ಕಷ್ಟವಾದರೂ ‘ಎಲ್ಲಿ’ ಎಂಬುದು ಈಗಲೇ ನಿಮ್ಮ ಕೈಗೆಟುಕುವಂಥದು. ನಿಂತ ನೀರಿನ ಕೆರೆಯಲ್ಲಿ ಎರಡು ಹರಿಗೋಲುಗಳು 12 ಮೀಟರ್ ಅಂತರದಲ್ಲಿ ಅಲುಗಾಡದೆ ನಿಂತಿವೆ. ಜನರೂ ಸೇರಿ ಒಂದರದು 100 ಕಿಲೋಗ್ರಾಂ, ಇನ್ನೊಂದರದು 200. ನಡುವೆ ಒಂದು ಹಗ್ಗ. ನೀರಿನ ತಡೆಯನ್ನು ಮರೆತುಬಿಡೋಣ. ಹಗುರ ಹರಿಗೋಲಿನವರು ಹಗ್ಗ ಎಳೆದರೂ, ಭಾರದವರು ಎಳೆದರೂ, ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಎಳೆದರೂ ಹಗ್ಗದ ಎರಡು ತುದಿಗಳಲ್ಲಿ ಬಲ ಒಂದೇ. ಹಾಗಾಗಿ ಹಗುರವಾದದ್ದರ ವೇಗೋತ್ಕರ್ಷ ಪ್ರತಿ ಕ್ಷಣವೂ ಇನ್ನೊಂದರ ಎರಡು ಪಟ್ಟು. ವೇಗವೂ ಎರಡು ಪಟ್ಟು, ಸಾಗಿದ ದೂರವೂ ಎರಡು ಪಟ್ಟು. ಅದು 8 ಮೀಟರ್, ಭಾರದ್ದು 4 ಮೀಟರ್. ಭೇಟಿ ಅಲ್ಲೇ, ಅವುಗಳ ದ್ರವ್ಯರಾಶಿ ಕೇಂದ್ರದಲ್ಲಿ. ನಾನೇ ಎಳೆದರೆ ಅವರು ನನ್ನ ಹತ್ತಿರ ಬರುತ್ತಾರೆ ಎಂದು ಕೈ ನೋಯಿಸಿಕೊಂಡವರಿಗೆ ಇದು ಬೇಸರದ ಸಂಗತಿಯೇ.

ನಿಮಗೊಂದು ಮನೆಗೆಲಸ. ನಿಮ್ಮದೇ ಲೆಕ್ಕ, ಅದೇ 250 ಮೀಟರ್, ಮೊದಲ ಕಾರಿಗೆ ಅದೇ 2 ಮೀ/ಸೆ². ಎರಡನೆಯ ಕಾರು ಮಾತ್ರ ವೇಗ ಹೆಚ್ಚಿಸುವ ಬದಲು 1 ಮೀ/ಸೆ² ದರದಲ್ಲಿ ಬ್ರೇಕು ಹಾಕುತ್ತಾ ಬರುತ್ತದೆ, ನಿಂತ ಮೇಲೆ ನಿಂತೇ ಇರುತ್ತದೆ. 14.49 ಸೆಕೆಂಡ್ ಎಂದು ಬಂದರೆ ನನ್ನ ರೈಲಿನ ಕಥೆಯನ್ನು ಇನ್ನೊಮ್ಮೆ ಓದಿ. 14.14 ಬಂದರೆ ಗೆಳತಿಗೂ ಕೊಟ್ಟು ಮಾಡಿಸಿ.